ಪರದೇಶಿಗಳ ಊರಲ್ಲಿ ಒಂದು ಸೋಮವಾರ

ಪ್ರಶ್ನೆ: ನಾನು ದಾವಣಗೆರೆಯ ಹೈಸ್ಕೂಲ್ ಶಿಕ್ಷಕಿ, ವಯಸ್ಸು 52. ಫೆಬ್ರವರಿಯ ಒಂದು ಭಾನುವಾರ ಎರ್ನಾಕುಲಂನಲ್ಲಿ ಗೆಳತಿಯ ಮಗಳ ಮದುವೆ ಇದೆ. ಶನಿವಾರ ಅಥವಾ ಸೋಮವಾರ ಒಂದು ದಿನ ಉಳಿದುಕೊಂಡು ಕೊಚ್ಚಿಯ ಹಳೇ ಊರು ನೋಡುವ ಆಸೆ. ಒಬ್ಬಳೇ ಸುತ್ತಬೇಕು. ಮಲಯಾಳಂ ಬಾರದು, ಶುದ್ಧ ಸಸ್ಯಾಹಾರಿ. ಅಮ್ಮನಿಗೆ ಹೇಳಿದರೆ "ಪರದೇಶಿ ಹಂಗ ಒಬ್ಬಾಕೀನೇ ಯಾಕ ಅಲೀತಿ?" ಅಂತಾರೆ. ಫೋಟೊಗಳಲ್ಲಿ ಎಲ್ಲಿ ನೋಡಿದರೂ ಅದೇ ಮೀನಿನ ಬಲೆ, ಅದೇ ಚರ್ಚು. ಒಂದೇ ದಿನದಲ್ಲಿ ಏನು ನೋಡಲಿ, ಏನು ಬಿಡಲಿ? ಯಹೂದಿ, ಮುಸ್ಲಿಂ, ಕ್ರೈಸ್ತ, ಕೊಂಕಣಿ, ಗುಜರಾತಿ ಎಲ್ಲರೂ ಅಷ್ಟು ಸಣ್ಣ ಊರಲ್ಲಿ ಅಣ್ಣತಮ್ಮಂದಿರಂತೆ ಬಾಳಿದರು ಅನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಮೊದಲು ವಾರದ ಮಾತು. ಕೊಚ್ಚಿಯಲ್ಲಿ ಜನರ ಅರ್ಧ ದಿನ ಹಾಳಾಗುವುದು ಅದರಿಂದಲೇ. ಶನಿವಾರ ಬೇಡ, ಸೋಮವಾರ ಉಳಿಯಿರಿ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಬಾಗಿಲು ತೆರೆಯುವುದಿಲ್ಲ. ಶುಕ್ರವಾರ ಹಳೇ ಊರಿನ ಮಟ್ಟಂಚೇರಿ ಭಾಗದ ಅರಮನೆಗೆ ರಜೆ, ಸಿನಗಾಗ್ ಕೂಡ ಮಧ್ಯಾಹ್ನವೇ ಮುಚ್ಚುತ್ತದೆ. ಭಾನುವಾರ ಮಂಡಿಗಳ ಬೀದಿಗೆ ಜೀವ ಇರುವುದಿಲ್ಲ. ಸೋಮವಾರ ತಪ್ಪಿಹೋಗುವುದು ಬಿಷಪ್ ಹೌಸ್ ಆವರಣದ ಇಂಡೋ-ಪೋರ್ಚುಗೀಸ್ ಮ್ಯೂಸಿಯಂ ಮಾತ್ರ, ಹೋಗಲಿ ಬಿಡಿ. ನಾನು ಮೊದಲ ಸಲ ಹೋದದ್ದು ಒಂದು ಶುಕ್ರವಾರ. ಅರಮನೆಯ ಬೀಗ ನೋಡಿಕೊಂಡು ನಿಂತಿದ್ದಾಗ ಒಬ್ಬ ಆಟೊದವನು "ಐವತ್ತು ರೂಪಾಯಿಗೆ ಇಡೀ ಊರು ತೋರಿಸ್ತೀನಿ" ಅಂದ. ತೋರಿಸಿದ್ದು ಮೂರು ಕರಕುಶಲ ವಸ್ತುಗಳ ಅಂಗಡಿ, ಒಂದು ಮಸಾಲೆ ಅಂಗಡಿ. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಅವನಿಗೆ ಕಮಿಷನ್. ಈಗಲೂ ಆ ಬಡಾವಣೆಯಲ್ಲಿ ತೀರಾ ಅಗ್ಗದ "ಟೂರ್" ಅಂದರೆ ಅರ್ಥ ಅದೇ. "ಅಲ್ಲಿಗೆ ಬಿಡಿ, ಎಷ್ಟು?" ಎಂದು ಕೇಳಿ, ಇಳಿದು, ದುಡ್ಡು ಕೊಟ್ಟು ಕಳಿಸಿಬಿಡಿ.

ಇನ್ನು ನಿಮ್ಮ ತಾಯಿಯವರ ಮಾತು. ಅವರು ಬೈದದ್ದು ಸರಿಯಾದ ಶಬ್ದದಲ್ಲೇ. ನಮ್ಮಲ್ಲಿ ಪರದೇಶಿ ಅಂದರೆ ದಿಕ್ಕಿಲ್ಲದವ, ಹೇಳೋರು ಕೇಳೋರು ಇಲ್ಲದವ. ಕೊಚ್ಚಿಯಲ್ಲಿ ಅದೇ ಶಬ್ದಕ್ಕೆ ಬೇರೆ ತೂಕ. ನೀವು ನೋಡಲಿರುವ ಸಿನಗಾಗ್‌ನ ಹೆಸರೇ ಪರದೇಶಿ ಸಿನಗಾಗ್. ಸ್ಪೇನ್, ಹಾಲೆಂಡ್, ಸಿರಿಯಾ ಕಡೆಗಳಿಂದ ಬಂದು ನೆಲೆಸಿದ ಯಹೂದಿಗಳು 1568ರಲ್ಲಿ ಕಟ್ಟಿದ್ದು. ಹೊರಗಿನಿಂದ ಬಂದವರು ಎಂಬ ನೇರ ಅರ್ಥ, ಬೈಗುಳವಲ್ಲ. ಬರೀ ಆ ಯಹೂದಿಗಳೇ ಅಂತಲ್ಲ, ಆ ಎರಡು ಮೂರು ಮೈಲಿಯೊಳಗೆ ಹೆಚ್ಚುಕಮ್ಮಿ ಎಲ್ಲರೂ ಪರದೇಶಿಗಳೇ. ಅಷ್ಟೇಕೆ, ಬಂದರೇ ಹೊರಗಿನಿಂದ ಬಂದದ್ದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹ ಉತ್ತರದ ಕೊಡುಂಗಲ್ಲೂರಿನ ಹಳೇ ಬಂದರನ್ನು ಹೂಳಿನಲ್ಲಿ ಮುಚ್ಚಿ, ಇಲ್ಲಿ ಕೊಚ್ಚಿಯ ಅಳಿವೆಯ ಬಾಯಿ ಬಿಡಿಸಿತು ಎನ್ನುತ್ತಾರೆ. ಹಡಗುಗಳು ಇಲ್ಲಿಗೆ ತಿರುಗಿದವು, ಹಡಗಿನ ಹಿಂದೆ ಜನ ಬಂದರು.

ಬೆಳಿಗ್ಗೆ ಏಳಕ್ಕೆಲ್ಲ ಎರ್ನಾಕುಲಂ ಬೋಟ್ ಜೆಟ್ಟಿಯಲ್ಲಿರಿ. ರಸ್ತೆಯಲ್ಲಿ ಹೋಗಬೇಡಿ, ಸೇತುವೆಗಳ ಮೇಲೆ ಟ್ರಾಫಿಕ್ ಹೊಡೆಯುವುದಲ್ಲದೆ ಬಂದರನ್ನು ಬಂದರಿನ ಕಡೆಯಿಂದಲೇ ನೋಡಬೇಕು. ಎರಡು ದಾರಿಗಳಿವೆ. ಹೈಕೋರ್ಟ್ ಟರ್ಮಿನಲ್‌ನಿಂದ ವಾಟರ್ ಮೆಟ್ರೊ: ಎ.ಸಿ., ಹೊಸದು, ಸದ್ದಿಲ್ಲದ ವಿದ್ಯುತ್ ದೋಣಿ, ಟಿಕೆಟ್ 40 ರೂಪಾಯಿಯಷ್ಟು. ಇನ್ನೊಂದು ಮೇನ್ ಜೆಟ್ಟಿಯಿಂದ ಸರ್ಕಾರಿ ಬೋಟು: ಟಿಕೆಟ್ ಹತ್ತು ರೂಪಾಯಿಯೊಳಗೆ, ಮರದ ಬೆಂಚು, ಡೀಸೆಲ್ ವಾಸನೆ, ಕೆಲಸಕ್ಕೆ ಹೊರಟ ಜನ. ಹೋಗುವಾಗ ಸರ್ಕಾರಿ ಬೋಟು ಹಿಡಿಯಿರಿ, ಸುಸ್ತಾಗಿ ಬರುವಾಗ ಎ.ಸಿ.ಯದ್ದು. ಎಡಗಡೆ ಕೂತರೆ ವಿಲಿಂಗ್ಡನ್ ದ್ವೀಪ ಕಾಣುತ್ತದೆ. ಅದು ದೇವರು ಮಾಡಿದ ದ್ವೀಪವಲ್ಲ. ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರ್ 1920ರಲ್ಲಿ ಇಲ್ಲಿಗೆ ಬಂದು ಅಳಿವೆಗೆ ಅಡ್ಡ ಬಿದ್ದಿದ್ದ ಮರಳ ದಿಬ್ಬವನ್ನು ಕಡಿಸಿದ. ಹಿನ್ನೀರಿನ ತಳ ಅಗೆದು ಮೇಲೆತ್ತಿದ ಹೂಳೇ ಈ ನೆಲ. ದೊಡ್ಡ ಹಡಗೊಂದು ಮೊದಲ ಸಲ ಒಳಬಂದರಿಗೆ ಬಂದದ್ದು 1928ರ ಮೇ 26ರಂದು, ಹಡಗಿನ ಹೆಸರು ಪದ್ಮಾ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ರೈಲನ್ನು ಹಳಬರು ಇವತ್ತಿಗೂ "ಐಲ್ಯಾಂಡ್ ಎಕ್ಸ್‌ಪ್ರೆಸ್" ಅನ್ನುತ್ತಾರಲ್ಲ, ಆ ಐಲ್ಯಾಂಡ್ ಇದೇ. ಒಂದು ಕಾಲಕ್ಕೆ ಆ ರೈಲು ಬಂದು ನಿಲ್ಲುತ್ತಿದ್ದದ್ದು ಈ ದ್ವೀಪದ ಹಾರ್ಬರ್ ಟರ್ಮಿನಸ್‌ನಲ್ಲಿ. ನೀವು ಅದರಲ್ಲೇ ಬರುವುದಾದರೆ ಪಕ್ಕದ ಸೀಟಿನವರಿಗೆ ಹೇಳಲು ಒಂದು ಕಥೆಯಾಯಿತು.

ಬೋಟು ಇಳಿದರೆ ಫೋರ್ಟ್ ಕೊಚ್ಚಿ. ಹೆಚ್ಚಿನವರು ಇಡೀ ದಿನ ಇಲ್ಲೇ ಕಳೆದು, ಸಂಜೆ ನಾಲ್ಕಕ್ಕೆ ಮಟ್ಟಂಚೇರಿಗೆ ಓಡುತ್ತಾರೆ. ನೀವು ಉಲ್ಟಾ ಮಾಡಿ. ಇಲ್ಲಿಗೆ ಒಂದೂವರೆ ಗಂಟೆ ಸಾಕು, ಉಳಿದದ್ದೆಲ್ಲ ಮಟ್ಟಂಚೇರಿಗೆ. ಫೋರ್ಟ್ ಕೊಚ್ಚಿ ಆಳಿದವರ ಊರು. ಮಟ್ಟಂಚೇರಿ ದುಡಿದವರ, ಲೆಕ್ಕ ಬರೆದವರ, ಮೂಟೆ ಹೊತ್ತವರ ಊರು. ಹೆಸರಿಗೆ ಫೋರ್ಟ್ ಎಂದರೂ ಕೋಟೆ ಈಗ ಇಲ್ಲ. ಪೋರ್ಚುಗೀಸರು 1503ರಲ್ಲಿ ಕಟ್ಟಿದರು, ಡಚ್ಚರು 1663ರಲ್ಲಿ ಗೆದ್ದರು, 1795ರಲ್ಲಿ ಬಂದ ಇಂಗ್ಲಿಷರು ಆಮೇಲೆ ಕೆಡವಿದರು. ಅಲ್ಲಲ್ಲಿ ಗೋಡೆಯ ತುಂಡು ಉಳಿದಿದೆ.

ಬಲೆಗಳನ್ನು ಬೆಳಿಗ್ಗೆಯೇ ನೋಡಿ. ಸೂರ್ಯಾಸ್ತದ ಹೊತ್ತಿಗೆ ಅವು ಫೋಟೊದ ಸಾಮಾನು, ಬೆಳಿಗ್ಗೆ ಕೆಲಸದ ಸಾಮಾನು. ಮರದ ತೊಲೆಯ ಒಂದು ತುದಿಗೆ ಬಲೆ, ಇನ್ನೊಂದು ಕಡೆ ಹಗ್ಗದಲ್ಲಿ ಇಳಿಬಿಟ್ಟ ದಪ್ಪ ಕಲ್ಲುಗಳು. ಐದಾರು ಜನ ಹಗ್ಗ ಎಳೆದರೆ ಕಲ್ಲು ಒಂದೊಂದಾಗಿ ನೆಲಕ್ಕಿಳಿಯುತ್ತವೆ, ಬಲೆ ನೀರಿನಿಂದ ಏಳುತ್ತದೆ. ನಮ್ಮ ಹಳ್ಳಿಗಳ ಏತ ನೆನಪಾಗುತ್ತದೆ, ತರ್ಕ ಅದೇ. ಪ್ರತಿ ಸಲ ಸಿಗುವ ಮೀನು ಮಾತ್ರ ಒಂದು ಬುಟ್ಟಿಯ ತಳ ಮುಚ್ಚಿದರೆ ಹೆಚ್ಚು. ಈಗೀಗ ಕೆಲವಕ್ಕೆ ಮರದ ಬದಲು ಕಬ್ಬಿಣದ ಪೈಪು ಬಂದಿದೆ. ಮಲಯಾಳಂನಲ್ಲಿ ಇದು ಚೀನವಲ. ಚೀನೀ ನಾವಿಕರು ತಂದರೋ, ಮಕಾವಿನಿಂದ ಪೋರ್ಚುಗೀಸರು ತಂದರೋ ಎಂಬ ವಾದ ಮುಗಿದಿಲ್ಲ. ಆದರೆ ಕೇರಳದ ಅಡುಗೆಮನೆಗೆ ಹೋದರೆ ಬಾಣಲೆಗೆ ಚೀನಚಟ್ಟಿ, ಉಪ್ಪಿನಕಾಯಿ ಹಾಕುವ ಜಾಡಿಗೆ ಚೀನಭರಣಿ. ಭರಣಿ ಯಾವುದೆಂದು ನಿಮಗೆ ನಾನು ಹೇಳಬೇಕಿಲ್ಲ. "ಬನ್ನಿ ಮೇಡಂ, ಹಗ್ಗ ಎಳೀರಿ" ಎಂದು ಕರೆದರೆ ಕೊನೆಗೆ ದುಡ್ಡು ಕೇಳುತ್ತಾರೆ ಎಂಬುದು ಗೊತ್ತಿರಲಿ. ಕೊಡುವ ಮನಸ್ಸಿದ್ದರೆ ಎಳೆಯಿರಿ, ಮೋಸವೇನಲ್ಲ.

ಸೇಂಟ್ ಫ್ರಾನ್ಸಿಸ್ ಚರ್ಚ್ ಅಲ್ಲಿಂದ ಐದು ನಿಮಿಷ. ವಾಸ್ಕೊ ಡ ಗಾಮ 1524ರ ಕ್ರಿಸ್‌ಮಸ್ ಹಿಂದಿನ ದಿನ ಕೊಚ್ಚಿಯಲ್ಲೇ ಸತ್ತ, ಇಲ್ಲೇ ಹುಗಿದರು, 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಈಗಿರುವುದು ಕಂಬಿ ಕಟ್ಟಿದ ಬರೀ ಕಲ್ಲು. ನನಗೆ ಅದಕ್ಕಿಂತ ಇಷ್ಟವಾಗುವುದು ಮಾಡಿಗೆ ನೇತುಹಾಕಿದ ಉದ್ದನೆಯ ಬಟ್ಟೆ ಬೀಸಣಿಗೆಗಳು. ಅವುಗಳ ಹಗ್ಗ ಗೋಡೆಯ ಆಚೆ ಹೋಗುತ್ತದೆ. ಒಳಗೆ ಕೂತವರಿಗೆ ಗಾಳಿ, ಹೊರಗೆ ಬಿಸಿಲಲ್ಲಿ ಹಗ್ಗ ಎಳೆಯಲು ಒಬ್ಬ ಆಳು. ಚರ್ಚು ಮೊದಲು ಕ್ಯಾಥಲಿಕ್, ಡಚ್ಚರ ಕಾಲಕ್ಕೆ ಪ್ರಾಟೆಸ್ಟಂಟ್, ಆಮೇಲೆ ಆಂಗ್ಲಿಕನ್, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ). ಹಗ್ಗ ಎಳೆದವರ ಹೆಸರಿನ ಕಲ್ಲು ಎಲ್ಲೂ ಇಲ್ಲ. ಸಾಂತಾ ಕ್ರೂಸ್ ಬೆಸಿಲಿಕಾ ದಾರಿಯಲ್ಲಿ ಸಿಕ್ಕರೆ ಇಣುಕಿ, ಸಿಗದಿದ್ದರೆ ಕೊರಗಬೇಡಿ. ಮೊದಲಿನದನ್ನು ಇಂಗ್ಲಿಷರು ಕೆಡವಿದರು, ಈಗಿನ ಕಟ್ಟಡ 1905ರಲ್ಲಿ ಪ್ರತಿಷ್ಠೆಯಾದದ್ದು.

ಇಲ್ಲಿಂದ ಆಟೊ ಹತ್ತಿ "ವೇಲಿ, ಧೋಬಿ ಖಾನಾ" ಅನ್ನಿ. ಪ್ರವಾಸಿ ನಕ್ಷೆಗಳ ಮೂಲೆಯಲ್ಲಿರುವ ಜಾಗ ಇದು, ನಾನು ಯಾರಿಗೂ ಬಿಡಲು ಹೇಳುವುದಿಲ್ಲ. ಡಚ್ಚರು ತಮ್ಮ ಸಿಪಾಯಿಗಳ ಬಟ್ಟೆ ಒಗೆಯಲು ತಮಿಳು ನಾಡಿನಿಂದ ವಣ್ಣಾರ್ ಕುಟುಂಬಗಳನ್ನು ಕರೆತಂದರು. ಡಚ್ಚರು ಹೋದರು, ಸಿಪಾಯಿಗಳು ಹೋದರು, ಒಗೆಯುವವರು ಉಳಿದರು. ಈಗಲೂ ಮನೆಯಲ್ಲಿ ತಮಿಳು. ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಬಟ್ಟೆ, ಮದುವೆಯ ಪಂಚೆ ಇಲ್ಲಿಗೇ ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಕಟ್ಟೆ, ಒಂದು ತೊಟ್ಟಿ, ಒಂದು ಕಲ್ಲು. ಹಿಂದಿನ ಬಯಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಗಮನಿಸಿ. ಎಲ್ಲೂ ಕ್ಲಿಪ್ ಇಲ್ಲ. ಎರಡು ಹುರಿಯನ್ನು ಹೊಸೆದು ಬಿಗಿಯಾಗಿ ಕಟ್ಟಿರುತ್ತಾರೆ. ಸೀರೆಯ ಅಂಚನ್ನು ಆ ಹುರಿಗಳ ನಡುವೆ ಬೆರಳಲ್ಲಿ ಸಿಕ್ಕಿಸಿಬಿಟ್ಟರೆ ಕಡಲ ಗಾಳಿ ಎಷ್ಟು ಬೀಸಿದರೂ ಬಿಡುವುದಿಲ್ಲ. ಒಂದು ಸಲ ಅಲ್ಲೊಬ್ಬ ಅಜ್ಜ ನನ್ನ ಕರ್ಚೀಫು ಕಸಿದು, ಸಿಕ್ಕಿಸಿ, "ಎಳಿ ನೋಡೋಣ" ಎಂಬಂತೆ ಸನ್ನೆ ಮಾಡಿದ. ಎಳೆದೆ. ಕರ್ಚೀಫು ಹರಿಯುವಂತಾಯಿತೇ ಹೊರತು ಬರಲಿಲ್ಲ. ಇಸ್ತ್ರಿ ಮಾಡುವ ಜಾಗದಲ್ಲಿ ಗಂಜಿಯ ವಾಸನೆ, ಕೆಂಡದ ಇಸ್ತ್ರಿಪೆಟ್ಟಿಗೆ. ಕೇಳಿ ಫೋಟೊ ತೆಗೆಯಿರಿ. ಅದು ಅವರ ದುಡಿಮೆಯ ಜಾಗ.

ವೇಲಿಯಿಂದ ಚೇರ್ಲಾಯಿ ದೂರವಿಲ್ಲ. ನನ್ನ ಮನೆಮಾತು ಕೊಂಕಣಿ, ಊರು ಮಂಗಳೂರು, ಹಾಗಾಗಿ ಇಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತಿರುಮಲ ದೇವಸ್ವಂನ ವೆಂಕಟಾಚಲಪತಿ ದೇವಸ್ಥಾನದ ಸುತ್ತಲಿನ ಬೀದಿಗಳು ಗೌಡ ಸಾರಸ್ವತರವು. ಗೋವಾದಲ್ಲಿ 1560ರಿಂದ ಇನ್ಕ್ವಿಸಿಷನ್, ಅಂದರೆ ಪೋರ್ಚುಗೀಸರ ಧರ್ಮವಿಚಾರಣೆ, ಶುರುವಾದ ಮೇಲೆ ದೇವರನ್ನೂ ಪಾತ್ರೆಪಗಡಿಯನ್ನೂ ಹೊತ್ತು ತೆಂಕಣಕ್ಕೆ ಹೊರಟವರಲ್ಲಿ ಕೆಲವರು ಭಟ್ಕಳ, ಕುಂದಾಪುರ, ಮಂಗಳೂರಿನಲ್ಲಿ ನಿಂತರು, ಕೆಲವರು ಇಲ್ಲಿತನಕ ಬಂದರು. ಮಂಗಳೂರಿನ ರಥಬೀದಿಗೂ ಚೇರ್ಲಾಯಿಗೂ ಕಾಶೀಮಠದ ಗುರುಗಳು ಒಬ್ಬರೇ. ದೇವಸ್ಥಾನದ ಎದುರು ಒಬ್ಬ ಹೆಂಗಸು "ತುಮ್ಗೆಲೊ ಗಾಂವು ಖಂಚೊ?" ಅಂದಾಗ ನಾನು ಮಂಗಳೂರು ಅಂದೆ. "ಹಾಗಾದರೆ ನಿಮ್ಮ ಕೊಂಕಣಿಯಲ್ಲಿ ಬರೀ ಕನ್ನಡ" ಎಂದು ನಕ್ಕರು. ಅವರ ಕೊಂಕಣಿಯಲ್ಲಿ ಅರ್ಧ ಮಲಯಾಳಂ ಇತ್ತು. ದಾಳಿತೋಯ್, ನಮ್ಮ ಬೇಳೆ ಸಾರು, ಮಾತ್ರ ಎರಡೂ ಕಡೆ ಒಂದೇ, ಇಂಗು ಮುಂದೆ.

ಈ ಬೀದಿಯ ಒಂದು ದೊಡ್ಡ ಕೆಲಸವನ್ನು ಮರೆಯಬಾರದು. ಡಚ್ಚರ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ, ಹೋರ್ಟಸ್ ಮಲಬಾರಿಕಸ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಅದಕ್ಕೆ ಮಾಹಿತಿ ಕೊಟ್ಟವರಲ್ಲಿ ಮುಖ್ಯರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. "ಇದೆಲ್ಲ ನಾವು ಹೇಳಿದ್ದು, ನಿಜ" ಎಂದು 1675ರಲ್ಲಿ ಆ ಮೂವರೂ ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಗೋವಾದಿಂದ ಓಡಿಬಂದವರ ಮೊಮ್ಮಕ್ಕಳೋ ಮರಿಮಕ್ಕಳೋ ಇರಬೇಕು. ಓಡಿಬಂದದ್ದು ಒಬ್ಬ ಯೂರೋಪಿನವನಿಗೆ ಹೆದರಿ, ಸಹಿ ಹಾಕಿದ್ದು ಇನ್ನೊಬ್ಬ ಯೂರೋಪಿನವನ ಪುಸ್ತಕಕ್ಕೆ.

ಹತ್ತಕ್ಕೆ ಅರಮನೆ. ಜನ ಡಚ್ ಪ್ಯಾಲೆಸ್ ಎಂದರೂ ಕಟ್ಟಿಸಿದವರು ಪೋರ್ಚುಗೀಸರು, ಹದಿನಾರನೇ ಶತಮಾನದ ನಡುವಿನಲ್ಲಿ, ಕೊಚ್ಚಿ ರಾಜನಿಗೆ ಕಾಣಿಕೆಯಾಗಿ. ಡಚ್ಚರು ರಿಪೇರಿ ಮಾಡಿ ಹೆಸರು ಹೊಡೆದುಕೊಂಡರು. ಹೊರಗಿನಿಂದ ನೋಡಿದರೆ ಹಳೇ ಕಾಲದ ತಾಲ್ಲೂಕು ಕಚೇರಿ ಇದ್ದ ಹಾಗಿದೆ, ಅಷ್ಟಕ್ಕೇ ತಿರುಗಿ ಹೋದವರನ್ನೂ ಬಲ್ಲೆ. ಒಳಗೆ ರಾಜನ ಮಲಗುವ ಕೋಣೆ, ಪಳ್ಳಿಯರ, ಗೋಡೆಯ ತುಂಬ ರಾಮಾಯಣ. ಕಾವಿ ಕೆಂಪು, ಹಳದಿ, ಎಲೆ ಹಸಿರು. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದೇ ತಿಳಿಯದಷ್ಟು ಒತ್ತೊತ್ತಾಗಿ ಜನ, ಆನೆ, ಮರ. ಯಕ್ಷಗಾನದ ಅಥವಾ ಕಥಕಳಿಯ ಕಿರೀಟ ಕಂಡವರಿಗೆ ಇಲ್ಲಿನ ರಾವಣ ಹೊಸಬನಲ್ಲ. ಆತುರ ಮಾಡದೆ ಒಂದು ಗೋಡೆ ಆರಿಸಿಕೊಂಡು ಹತ್ತು ನಿಮಿಷ ನಿಲ್ಲಿ. ಕೆಳಗಿನ ಹೆಂಗಸರ ಕೋಣೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ. ಹಾಗೆಯೇ ಕಾಲ ಕೆಳಗೆ ನೋಡಿ, ಕರಿ ಅಮೃತಶಿಲೆಯಂತೆ ಹೊಳೆಯುವ ನೆಲ ಕಲ್ಲಲ್ಲ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಸೇರಿಸಿ ತಿಕ್ಕಿದ ಗಾರೆ. ಸಸ್ಯಾಹಾರಿಗಳು ನಡೆದಾಡಬಹುದು.

ಅರಮನೆಯ ಹಿಂದೆಯೇ ಸಿನಗಾಗ್. ಈ "ಹಿಂದೆಯೇ" ಎಂಬುದೇ ಕಥೆ. ಕೊಡುಂಗಲ್ಲೂರಿನಲ್ಲಿ ಬಾಳಲಾಗದೆ ಬಂದ ಯಹೂದಿಗಳಿಗೆ ರಾಜ ತನ್ನ ಅರಮನೆಯ ಮಗ್ಗುಲಲ್ಲೇ, ಕುಲದೇವತೆಯ ಗುಡಿಗೆ ಅಂಟಿಕೊಂಡೇ ಜಾಗ ಕೊಟ್ಟ. ಒಂದು ಕಡೆ ಮಂತ್ರ, ಇನ್ನೊಂದು ಕಡೆ ಹೀಬ್ರೂ ಪ್ರಾರ್ಥನೆ. ಗೇಟಿನಲ್ಲಿ ಚಪ್ಪಲಿ ಬಿಡಬೇಕು. ಅಂಗಾಲಿಗೆ ತಣ್ಣಗೆ ತಾಗುವ ನೀಲಿ-ಬಿಳಿ ಹೆಂಚುಗಳು ಹದಿನೆಂಟನೇ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಬಂದವು. ಕೈಯಲ್ಲಿ ಬರೆದವಾದ್ದರಿಂದ ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಎರಡು ಒಂದೇ ಥರದವು ಹುಡುಕಲು ಕೂತು, ಕಾವಲಿನವನ ಕೈಲಿ "ಸಾರ್, ಏಳಿ" ಅನ್ನಿಸಿಕೊಂಡಿದ್ದೇನೆ. ಮೇಲೆ ಬೆಲ್ಜಿಯಂ ಗಾಜಿನ ದೀಪಗೊಂಚಲು. ಹೊರಗಿನ ಗಡಿಯಾರ ಗೋಪುರ 1760ರದು, ಡಚ್ ಕಂಪನಿಯ ದೊಡ್ಡ ವರ್ತಕ ಎಜೆಕಿಯೆಲ್ ರಾಹಬಿ ಕಟ್ಟಿಸಿದ್ದು. ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ರೋಮನ್, ಒಂದರಲ್ಲಿ ಮಲಯಾಳಂ. ಬೀದಿಯಲ್ಲಿ ನಡೆಯುವವ ಯಾವ ಜಾತಿಯವನಾದರೂ ಗಂಟೆ ಎಷ್ಟು ಎಂದು ತಿಳಿಯಬೇಕು, ಅಂದರೆ ವ್ಯಾಪಾರ ತಡವಾಗಬಾರದು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲೇ, ಈ ಬೀದಿಯಲ್ಲಿ ನಿಂತುಕೊಂಡೇ ಉತ್ತರಿಸುತ್ತೇನೆ. ಅಣ್ಣತಮ್ಮಂದಿರಂತೆ ಬಾಳಿದರು ಎಂಬುದನ್ನು ನಾನು ಒಪ್ಪುವುದಿಲ್ಲ. ನೆರೆಹೊರೆಯವರಂತೆ ಬಾಳಿದರು. ಎರಡಕ್ಕೂ ವ್ಯತ್ಯಾಸವಿದೆ. ಒಬ್ಬೊಬ್ಬರದು ಒಂದೊಂದು ಬೀದಿ, ಬೀದಿಗೊಂದು ದೇವರು, ಮದುವೆ ತಮ್ಮತಮ್ಮೊಳಗೆ, ಊಟ ತಮ್ಮತಮ್ಮ ಮನೆಯಲ್ಲಿ. ಸೇರುತ್ತಿದ್ದದ್ದು ಮಂಡಿಯಲ್ಲಿ. ರಾಜನಿಗೆ ಸುಂಕ ಬೇಕಿತ್ತು, ಇವರಿಗೆ ನೆಲೆ ಬೇಕಿತ್ತು. ಆ ಲೆಕ್ಕ ತಪ್ಪಿದಾಗ ಏನಾಯಿತು ನೋಡಿ. ಡಚ್ಚರ ಪರ ನಿಂತರೆಂದು 1662ರಲ್ಲಿ ಪೋರ್ಚುಗೀಸರು ಇದೇ ಸಿನಗಾಗ್ ಸುಟ್ಟರು. 1791ರಲ್ಲಿ ಶಕ್ತನ್ ತಂಬುರಾನ್ ಎಂಬ ಕೊಚ್ಚಿ ರಾಜ ಕೊಂಕಣಿ ವರ್ತಕರನ್ನು ಕೊಲ್ಲಿಸಿ ತಿರುಮಲ ದೇವಸ್ಥಾನವನ್ನು ಲೂಟಿ ಮಾಡಿಸಿದ. ದೇವರನ್ನು ತಿರುವಾಂಕೂರಿಗೆ ಸಾಗಿಸಿದರು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇವರು ಅಲಪ್ಪುಳದ ಕಡೆಯೇ ಉಳಿದ. ಆಶ್ರಯ ಕೊಟ್ಟ ಅರಮನೆಯೂ ಲೂಟಿ ಮಾಡಿದ ಅರಮನೆಯೂ ಒಂದೇ.

ಯಹೂದಿಗಳ ಒಳಗೂ ಎಲ್ಲ ಸಮಾನವಾಗಿರಲಿಲ್ಲ. ಹಿಂದಿನಿಂದ ಇದ್ದ ಮಲಬಾರಿ ಯಹೂದಿಗಳು ಬೇರೆ, ಪರದೇಶಿಗಳು ಬೇರೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ವಂಶದವರಿಗೆ ಈ ಸಿನಗಾಗ್‌ನಲ್ಲಿ ಸರಿಸಮಾನ ಜಾಗವಿರಲಿಲ್ಲ. ಆ ವಂಶದ ವಕೀಲ ಎ.ಬಿ. ಸೇಲಂ ಗಾಂಧಿಯವರ ಸತ್ಯಾಗ್ರಹವನ್ನು ಸಿನಗಾಗ್ ಒಳಗೇ ಹೂಡಿ ಆ ತಡೆಯನ್ನು ಸಡಿಲಿಸಿದರು. ಊರವರು ಅವರನ್ನು ಯಹೂದಿ ಗಾಂಧಿ ಎಂದರು. ಇಸ್ರೇಲ್ ಹುಟ್ಟಿದ ಮೇಲೆ, 1950ರ ದಶಕದಲ್ಲಿ, ಬಹುತೇಕರು ಹೊರಟುಹೋದರು. ಇವತ್ತು ಪರದೇಶಿ ಯಹೂದಿಗಳನ್ನು ಎಣಿಸಲು ಒಂದು ಕೈಯ ಬೆರಳು ಬೇಕಾಗಿಲ್ಲ. ಅವರನ್ನು ಯಾರೂ ಓಡಿಸಲಿಲ್ಲ ಎಂಬುದು ಕೊಚ್ಚಿಗೆ ಸಲ್ಲಬೇಕಾದ ಮಾತು, ಯಹೂದಿಗಳ ಚರಿತ್ರೆಯಲ್ಲಿ ಹಾಗೆ ಹೇಳಬಹುದಾದ ಊರುಗಳು ಕಡಿಮೆ. ಆದರೆ ಬೀದಿಗೆ ಜ್ಯೂ ಟೌನ್ ಎಂದು ಹೆಸರು, ಅಂಗಡಿಗಳು ಹೆಚ್ಚಾಗಿ ಕಾಶ್ಮೀರಿಗಳವು, "ಆಂಟಿಕ್" ಎಂದು ಮಾರುವುದರಲ್ಲಿ ಬಹಳಷ್ಟು ಹೋದ ವರ್ಷ ಮಾಡಿದ್ದು. ಏನೂ ಕೊಳ್ಳಬೇಡಿ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗುಜರಾತಿ ರಸ್ತೆಗೆ ಹೋಗಿ. ಧರ್ಮನಾಥ ಜೈನ ಮಂದಿರದಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಹೊತ್ತು ಅದು. ನೂರಾರು ಹಕ್ಕಿಗಳು ಒಮ್ಮೆಲೇ ಎದ್ದು ಮಂದಿರ ಸುತ್ತಿ ಇಳಿಯುತ್ತವೆ. ಮೂರು ಸುತ್ತು ಬಂದೇ ಇಳಿಯುತ್ತವೆ ಎಂಬುದು ಅಲ್ಲಿನವರ ನಂಬಿಕೆ, ನನ್ನ ಎಣಿಕೆಗೆ ಸಿಕ್ಕಿಲ್ಲ. ನಿಮ್ಮ ಊಟವೂ ಈ ರಸ್ತೆಯಲ್ಲೇ. ಗುಜರಾತಿ ಥಾಲಿ ಸಿಗುತ್ತದೆ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದೂ ಸಿಗುತ್ತದೆ, ಮೀನಿನ ವಾಸನೆಯ ಭಯವಿಲ್ಲ. ಬೇರೆ ಕಡೆ ಕೇರಳದ ಊಟಕ್ಕೆ ಕೂತರೆ ಕೆಂಪು ದಪ್ಪ ಕುತ್ತರಿ ಅನ್ನ ಬರುತ್ತದೆ. ಹಿಡಿಸದಿದ್ದರೆ "ಪಚ್ಚರಿ" ಅನ್ನಿ, ಬಿಳಿ ಅನ್ನ ಕೊಡುತ್ತಾರೆ. ಊಣು ಅಂದರೆ ಊಟ, ವೆಳ್ಳಂ ಅಂದರೆ ನೀರು, ಎತ್ರ ಅಂದರೆ ಎಷ್ಟು, ಎವಿಡೆ ಅಂದರೆ ಎಲ್ಲಿ, ಮತಿ ಅಂದರೆ ಸಾಕು. ಈ ಐದು ಶಬ್ದದಲ್ಲಿ ದಿನ ದೂಡಬಹುದು. ಹೆಂಗಸರನ್ನು ಚೇಚಿ ಅನ್ನಿ, ಗಂಡಸರನ್ನು ಚೇಟ್ಟ. ಮಟ್ಟಂಚೇರಿಯಲ್ಲಿ ಹಿಂದಿಯೂ ಸಲೀಸು.

ಊಟವಾದ ಮೇಲೆ ಎಲ್ಲಾದರೂ ನೆರಳಲ್ಲಿ ಒಂದು ಗಂಟೆ ಕೂತುಬಿಡಿ. ಫೆಬ್ರವರಿ ಎಂದು ಮೋಸಹೋಗಬೇಡಿ. ದಾವಣಗೆರೆಯ ಬಿಸಿಲು ಒಣ ಬಿಸಿಲು, ಇಲ್ಲಿಯದು ಬೇಯಿಸುವ ಸೆಖೆ. ಹತ್ತಿ ಸೀರೆ ಅಥವಾ ಚೂಡಿದಾರ್, ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ, ಛತ್ರಿ.

ಮೂರರ ಮೇಲೆ ಬಜಾರ್ ರಸ್ತೆ. ನಿಮ್ಮ ಮಂಡಿಪೇಟೆಯನ್ನು ಸಮುದ್ರದ ದಂಡೆಗೆ ತಂದಿಟ್ಟ ಹಾಗೆ. ಒಂದು ಬಾಗಿಲು ರಸ್ತೆಗೆ, ಹಿಂದಿನ ಬಾಗಿಲು ನೀರಿಗೆ. ದೋಣಿಯಿಂದ ಮೂಟೆ ನೇರ ಗೋದಾಮಿಗೆ. ಇಂಥ ಗೋದಾಮಿಗೆ ಇಲ್ಲಿ ಪಾಂಡಿಕಶಾಲ ಎನ್ನುತ್ತಾರೆ. ಈಗ ಅರ್ಧ ಬಾಗಿಲು ಮುಚ್ಚಿವೆ, ಕೆಲವು ಕೆಫೆಗಳಾಗಿವೆ, ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯುವ ವರ್ಷ ಕೆಲವು ಕಲಾ ಗ್ಯಾಲರಿಗಳಾಗುತ್ತವೆ. ತೆರೆದಿರುವ ಒಂದೆರಡರಲ್ಲಿ ಇನ್ನೂ ಒಣಶುಂಠಿಯ ಘಾಟು ಮೂಗಿಗೆ ಹೊಡೆಯುತ್ತದೆ. ಹಳೆಯ ಚಿತ್ರಗಳಲ್ಲಿ ಕಾಣುವಂತೆ ಅಂಗಳದ ತುಂಬ ಶುಂಠಿ ಹರಡಿದ್ದರೆ ನಿಮ್ಮ ಅದೃಷ್ಟ.

ಕಾಳುಮೆಣಸನ್ನು ಮಾತ್ರ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ಇದಕ್ಕಾಗಿಯೇ ಗಾಮ ಬಂದ, ಡಚ್ಚರು ಬಂದರು, ನಿಜ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆದದ್ದೂ ಇದೇ ಕಾಳಿನ ದೆಸೆಯಿಂದ. ಆದರೆ ಇವತ್ತು ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟದವರು ಬೆಳಿಗ್ಗೆ ಎದ್ದು ನೋಡುವುದು ಕೊಚ್ಚಿಯ ರೇಟು. ಜ್ಯೂ ಟೌನ್‌ನಲ್ಲಿ ಮಲಬಾರ್ ಪೆಪ್ಪರ್ ಎಂದು ಪೊಟ್ಟಣ ಕಟ್ಟಿ ಕೊಡುವುದು ಸಕಲೇಶಪುರದ್ದೇ ಇದ್ದರೂ ಆಶ್ಚರ್ಯವಿಲ್ಲ. ಏನಾದರೂ ಬೇಕೇ ಬೇಕೆಂದರೆ ಬಜಾರ್ ರಸ್ತೆಯ ಸಗಟು ಅಂಗಡಿಯಲ್ಲಿ ಜಾಯಿಕಾಯಿ, ಜಾಪತ್ರೆ ಕೊಳ್ಳಿ, ಕೇರಳದಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಕುಡಂಪುಳಿ ತೋರಿಸಿದರೆ ಮೋಸಹೋಗಬೇಡಿ, ನಮ್ಮ ಮಲೆನಾಡಿನ ಉಪ್ಪಾಗೆ ಅದೇ.

ಇನ್ನೊಂದು ಜಾಗ. ಪಟ್ಟಿಯಲ್ಲಿ ಇರುವುದಿಲ್ಲ, ಕೇಳಿಕೊಂಡೇ ಹೋಗಬೇಕು. ಮಾಂಗಾಟ್ಟುಮುಕ್ಕ್ ಎಂಬಲ್ಲಿ ರಸ್ತೆ ಬದಿಗೆ ಒಂದು ಸಣ್ಣ ಕಟ್ಟೆ, ಕಾಪ್ಪಿರಿ ಮುತ್ತಪ್ಪನ್. ಮೂರ್ತಿ ಇಲ್ಲ. ಮೇಣದ ಬತ್ತಿ ಕರಗಿದ ಕಲೆ, ಒಮ್ಮೊಮ್ಮೆ ಒಂದು ಚುಟ್ಟಾ, ಪುಟ್ಟು, ಮೊಟ್ಟೆ. ಕಾಪ್ಪಿರಿ ಎಂದರೆ ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದ ಗುಲಾಮ. ಡಚ್ಚರು ಮುತ್ತಿದಾಗ ಪೋರ್ಚುಗೀಸರು ಓಡುವ ಮೊದಲು ತಮ್ಮ ಹೊನ್ನನ್ನು ಹೂತು, ಕಾಯಲೆಂದು ಗುಲಾಮನನ್ನು ಕೊಂದು ಅದರೊಟ್ಟಿಗೇ ಹೂತರಂತೆ. ಆ ಸತ್ತವನೇ ಈ ಮುತ್ತಪ್ಪ. ರಾತ್ರಿ ಗೋಡೆಯ ಮೇಲೆ ಕೂತು ಚುಟ್ಟಾ ಸೇದುತ್ತಾನೆ, ಕಳೆದುಹೋದ ವಸ್ತು ಹುಡುಕಿಕೊಡುತ್ತಾನೆ, ಯಾರಿಗೂ ಕೇಡು ಮಾಡುವುದಿಲ್ಲ ಎಂದು ಜನ ಹೇಳುತ್ತಾರೆ. ಇಂಥ ಧರ್ಮದವರೇ ಬತ್ತಿ ಹಚ್ಚಬೇಕೆಂದಿಲ್ಲ. ತುಳುನಾಡಿನಲ್ಲಿ ಬೆಳೆದ ನನಗೆ ಅನ್ಯಾಯವಾಗಿ ಸತ್ತವರು ದೈವವಾಗುವ ಕಥೆ ಹೊಸದಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಹಿರಿಯರಲ್ಲೂ ಅನೇಕರು ಇದೇ ಪೋರ್ಚುಗೀಸ್ ಹಡಗುಗಳಲ್ಲಿ ಬಂದವರು. ಉಳಿದ ಪರದೇಶಿಗಳೆಲ್ಲ ತಾವಾಗಿ ಬಂದರು ಅಥವಾ ಓಡಿಬಂದರು. ಇವನನ್ನು ತಂದರು. ಗಾಮನ ಖಾಲಿ ಗೋರಿಗೆ ಕಂಬಿ ಕಟ್ಟಿದ್ದಾರೆ, ಇವನ ಕಟ್ಟೆಗೆ ಬತ್ತಿ ಹಚ್ಚುತ್ತಾರೆ. ಪುರಸೊತ್ತು ಸಾಲದೆ ಒಂದನ್ನು ಬಿಡಬೇಕಾಗಿ ಬಂದರೆ ಚರ್ಚನ್ನು ಬಿಡಿ, ಇದನ್ನಲ್ಲ.

ಒಬ್ಬಳೇ ಎಂಬ ಅಂಜಿಕೆಯ ಬಗ್ಗೆ: ಹಗಲಿಡೀ ಈ ಬೀದಿಗಳಲ್ಲಿ ಜನ ಓಡಾಡುತ್ತಾರೆ, ಹೆಂಗಸರೂ ಧಾರಾಳ. ಮುಚ್ಚಿದ ಗೋದಾಮುಗಳ ಸಾಲಿನಲ್ಲಿ ಕತ್ತಲಾದ ಮೇಲೆ ಮಾತ್ರ ನಡೆಯಬೇಡಿ. ಆರರೊಳಗೆ ಫೋರ್ಟ್ ಕೊಚ್ಚಿ ಜೆಟ್ಟಿಗೆ ಬಂದರೆ ಬೆಳಕಿರುವಾಗಲೇ ದಾಟಬಹುದು. ವಾಟರ್ ಮೆಟ್ರೊಗೆ ಸಂಜೆ ಸಾಲು ಉದ್ದ, ಅರ್ಧ ಗಂಟೆ ಮೊದಲೇ ಹೋಗಿ. ತುರ್ತಿಗೆ 112 ಫೋನಿನಲ್ಲಿರಲಿ. ನನ್ನ ಅಕ್ಕ ಅರವತ್ತು ದಾಟಿದ ಮೇಲೆ ಇದೇ ದಾರಿಯಲ್ಲಿ ಒಬ್ಬಳೇ ಹೋಗಿ ಬಂದಳು. ಅವಳಿಗೆ ಬಂದ ಒಂದೇ ಕಷ್ಟ ಎಂದರೆ ಧೋಬಿ ಖಾನಾದಲ್ಲಿ ಮಾತಿಗೆ ಕೂತು ಅರಮನೆ ತಡವಾದದ್ದು.

ಗುಜರಾತಿ ರಸ್ತೆ ಬಿಡುವ ಮೊದಲು ರಾತ್ರಿ ಪ್ರಯಾಣಕ್ಕೆಂದು ಥೇಪ್ಲಾ, ಗುಜರಾತಿಗಳ ಮಸಾಲೆ ರೊಟ್ಟಿ, ಕಟ್ಟಿಸಿಕೊಳ್ಳಿ. ಎರಡು ದಿನ ಕೆಡುವುದಿಲ್ಲ. ನಾಲ್ಕು ಹೆಚ್ಚೇ ಇರಲಿ, ಅಮ್ಮನಿಗೆ.